1992ರ ಮಾರುತಿ 800, ಘಟ್ಟ ಹತ್ತುವಾಗ ಆಫ್ ಆಗುತ್ತದೆ. ಪೆಟ್ರೋಲ್ ತೊಂದರೆಯಾ, ಕರೆಂಟ್ ತೊಂದರೆಯಾ?

ಅಡಿಕೆಹಾಳೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಗಾಡಿ 1992ರ ಮಾರುತಿ 800, ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವುದು. ನಾನು ಎಷ್ಟನೇ ಓನರ್ ಎಂದು ಆರ್‌ಸಿ ನೋಡಿಯೇ ಹೇಳಬೇಕು, ಅಷ್ಟು ಕೈ ಬದಲಾಗಿದೆ. ಬಾಡಿ ಚೆನ್ನಾಗಿದೆ, ತುಕ್ಕು ಕಡಿಮೆ, ಎಫ್‌ಸಿ ಇದೆ. ಅದನ್ನು ನೋಡಿಯೇ ಕೊಂಡೆ.

ನಮ್ಮದು ತೀರ್ಥಹಳ್ಳಿ ಹತ್ತಿರ ಹಾಳೆ ತಟ್ಟೆ ಮಾಡುವ ಸಣ್ಣ ಘಟಕ. ಹಿಂದಿನ ಸೀಟು ಮಡಚಿ ತಟ್ಟೆ ಕಟ್ಟು ತುಂಬಿಕೊಂಡು ಉಡುಪಿ, ಮಣಿಪಾಲಕ್ಕೆ ಹೋಗುತ್ತೇನೆ. ಆಗುಂಬೆ ಘಟ್ಟ ಇಳಿಯುವಾಗ ಏನೂ ತೊಂದರೆ ಇಲ್ಲ. ಉಡುಪಿ ಪೇಟೆಯಲ್ಲಿ ಸುತ್ತಿದರೂ ಇಲ್ಲ. ವಾಪಸ್ ಬರುವಾಗ ಹೆಬ್ರಿ ದಾಟಿ, ಸೋಮೇಶ್ವರದಿಂದ ಘಟ್ಟ ಹತ್ತುತ್ತೀನಲ್ಲ, ಅರ್ಧ ತಿರುವು ಮುಗಿಯುವಷ್ಟರಲ್ಲಿ ಜರ್ಕ್ ಹೊಡೆಯಲು ಶುರು. ಆಮೇಲೆ ಆಫ್. ಸೆಲ್ಫ್ ಹೊಡೆದರೆ ಎಂಜಿನ್ ಜೋರಾಗಿಯೇ ತಿರುಗುತ್ತದೆ, ಹಿಡಿಯುವುದಿಲ್ಲ. ಬಾನೆಟ್ ಎತ್ತಿ ಅರ್ಧ ಗಂಟೆ ಸುಮ್ನೆ ನಿಂತರೆ ಏನೂ ಆಗಿಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಗುತ್ತದೆ. ಟೆಂಪರೇಚರ್ ಮುಳ್ಳು ಮಧ್ಯದಲ್ಲೇ ಇರುತ್ತದೆ, ನೀರು ಕುದಿಯುವುದಿಲ್ಲ.

ಬೆಳಿಗ್ಗೆ ತಣ್ಣಗಿದ್ದಾಗ ಚೋಕ್ ಎಳೆದು ಒಂದು ಸೆಲ್ಫ್ ಕೊಟ್ಟರೆ ಸಾಕು. ಅಷ್ಟು ಚೆನ್ನಾಗಿದೆ.

ಗ್ಯಾರೇಜಿನಲ್ಲಿ ಈವರೆಗೆ ಬದಲಿಸಿದ್ದು: ಪ್ಲಗ್, ಪ್ಲಗ್ ವೈರ್, ಪೆಟ್ರೋಲ್ ಫಿಲ್ಟರ್. ಕಾರ್ಬೊರೇಟರ್ ಬಿಚ್ಚಿ ಜೆಟ್ (ಪೆಟ್ರೋಲ್ ಹೋಗುವ ಸಣ್ಣ ತೂತು) ಊದಿದರು. ಕೊನೆಗೆ ಪೆಟ್ರೋಲ್ ಪಂಪೂ ಹೊಸದು ಹಾಕಿದರು. ಪ್ರತಿ ಸಲವೂ "ಈಗ ಸರಿ ಹೋಯ್ತು ಮೇಡಂ" ಎನ್ನುತ್ತಾರೆ. ತೀರ್ಥಹಳ್ಳಿಯ ಸಪಾಟು ರಸ್ತೆಯಲ್ಲಿ ಓಡಿಸಿದರೆ ಸರಿಯೇ ಇರುತ್ತದೆ, ಅದಕ್ಕೆ ನಾನೂ ದುಡ್ಡು ಕೊಟ್ಟು ಬರುತ್ತೇನೆ. ಈಗ ಪೂರ್ತಿ ಕಾರ್ಬೊರೇಟರನ್ನೇ ಬದಲಿಸೋಣ ಎನ್ನುತ್ತಿದ್ದಾರೆ. ಅದಕ್ಕೆ ಕೇಳುತ್ತಿರುವ ಬೆಲೆಯಲ್ಲಿ ನನಗೆ ಒಂದು ತಟ್ಟೆ ಒತ್ತುವ ಡೈ ಬರುತ್ತದೆ.

ಇನ್ನು ಖರ್ಚು ಮಾಡುವ ಮೊದಲು ನಾನೇ ಏನಾದರೂ ನೋಡಬಹುದಾ? ಸ್ಪ್ಯಾನರ್ ಹಿಡಿದು ಅಭ್ಯಾಸ ಇದೆ. ತಟ್ಟೆ ಮಷೀನಿನ ಹೀಟರ್ ಕಾಯಿಲ್ ನಾನೇ ಬದಲಿಸುತ್ತೇನೆ.

ಕಡಲತೀರ ಬರೆದದ್ದು:

ಇದು ಏರ್ ಲಾಕ್, ಡೌಟೇ ಬೇಡ. ಬಿಸಿಲಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗುತ್ತದೆ. ಪಂಪು ಆವಿಯನ್ನು ಎಳೆಯಲಾರದು. ನಮ್ಮ ಅಪ್ಪನ ಪದ್ಮಿನಿ ಕಾರಿಗೆ ಚಾರ್ಮಾಡಿಯಲ್ಲಿ ಹೀಗೇ ಆಗುತ್ತಿತ್ತು. ಒದ್ದೆ ಬಟ್ಟೆ ತಂದು ಪಂಪು, ಪೈಪು, ಕಾರ್ಬೊರೇಟರ್, ಪ್ಲಗ್ಗಿನ ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ಎಲ್ಲದಕ್ಕೂ ಸುತ್ತಿ. ಹತ್ತು ನಿಮಿಷದಲ್ಲಿ ಹೊರಡಬಹುದು. ಗಾಡಿಯಲ್ಲಿ ಯಾವಾಗಲೂ ಎರಡು ಬಾಟಲಿ ನೀರು ಇಟ್ಟುಕೊಳ್ಳಿ.

ಈಗಿನ ಎಥನಾಲ್ ಪೆಟ್ರೋಲ್ ಬಂದ ಮೇಲೆ ಇದು ಇನ್ನೂ ಜಾಸ್ತಿ ಆಗಿದೆ ಎಂದು ನನ್ನ ಅಭಿಪ್ರಾಯ.

ಹತ್ತುಹನ್ನೊಂದು_ಪಾನಾ ಬರೆದದ್ದು:

ಕಡಲತೀರ ಅವರೇ, ಏರ್ ಲಾಕ್ ಇರಬಹುದು, ಇಲ್ಲ ಎನ್ನುವುದಿಲ್ಲ. ಆದರೆ ಎಲ್ಲದಕ್ಕೂ ಒದ್ದೆ ಬಟ್ಟೆ ಸುತ್ತಿದರೆ ಗಾಡಿ ಹೊರಡುತ್ತದೆ, ರೋಗ ಯಾವುದೆಂದು ಗೊತ್ತಾಗುವುದಿಲ್ಲ. ಮುಂದಿನ ವಾರ ಮತ್ತೆ ಅದೇ ತಿರುವಿನಲ್ಲಿ ಬಟ್ಟೆ ಸುತ್ತಬೇಕು.

ಅಕ್ಕ, ನಾನು ಶಿರಸಿಯಲ್ಲಿ ಬಹಳ ಕಾಲ ಗ್ಯಾರೇಜ್ ನಡೆಸಿದವನು. ಈಗ ಮಗ ನೋಡಿಕೊಳ್ಳುತ್ತಾನೆ. ಅವನ ಹತ್ತಿರ ಸ್ಕ್ಯಾನರ್ ಇದೆ. ಕಾರ್ಬೊರೇಟರ್ ಗಾಡಿ ಬಂದರೆ ಮಾತ್ರ ನನ್ನನ್ನು ಕರೆಯುತ್ತಾನೆ. ನಿಮ್ಮ ಗ್ಯಾರೇಜಿನವರು ಹಾಕಿದ ಸಾಮಾನು ಕೆಟ್ಟದ್ದಲ್ಲ. ಆದರೆ ಅವರು ಗಾಡಿ ನೋಡಿದ್ದೆಲ್ಲ ಅದು ಚೆನ್ನಾಗಿ ಓಡುತ್ತಿರುವಾಗ. ಜ್ವರ ಇರುವಾಗ ಥರ್ಮಾಮೀಟರ್ ಇಡಬೇಕು, ಇಳಿದ ಮೇಲೆ ಇಟ್ಟರೆ ಎಲ್ಲ ನಾರ್ಮಲ್ ಎಂದೇ ಬರುತ್ತದೆ. ಗಾಡಿ ಸತ್ತು ನಿಂತ ಮೊದಲ ಐದು ನಿಮಿಷ ಇದೆಯಲ್ಲ, ಉತ್ತರ ಇರುವುದು ಅಲ್ಲಿ ಮಾತ್ರ. ಆ ಐದು ನಿಮಿಷ ನೀವು ಬಾನೆಟ್ ಎತ್ತಿ ನೋಡುತ್ತಾ ನಿಂತಿರುತ್ತೀರಿ, ಅಷ್ಟರಲ್ಲಿ ತಣ್ಣಗಾಗಿ ಸಾಕ್ಷಿ ಎಲ್ಲ ಹೋಗಿಬಿಡುತ್ತದೆ.

ಡಿಕ್ಕಿಯಲ್ಲಿ ಇಷ್ಟು ಇಟ್ಟುಕೊಳ್ಳಿ. ಬದಲಿಸಿದ ಹಳೇ ಪ್ಲಗ್ ಒಂದು. ಎರಡೂ ತುದಿಗೆ ಕ್ಲಿಪ್ ಇರುವ ಗೇಣುದ್ದದ ವೈರ್. 12 ವೋಲ್ಟ್ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಬೆಸೆದದ್ದು. ಟಾರ್ಚ್. ಒಂದು ಬಟ್ಟೆ, ನೀರು. ಮಲ್ಟಿಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಜರ್ಕ್ ಶುರುವಾದ ತಕ್ಷಣ ತಿರುವಿನಲ್ಲಿ ನಿಲ್ಲಬೇಡಿ, ಅಗಲ ಇರುವ ಕಡೆ ಸೈಡಿಗೆ ಹಾಕಿ. ಟೈರಿಗೆ ಕಲ್ಲು ಕೊಡಿ.

ಇನ್ನೂ ಜರ್ಕ್ ಹೊಡೆಯುತ್ತಿರುವಾಗಲೇ ಒಂದು ಪರೀಕ್ಷೆ ಇದೆ, ಇಳಿಯುವುದೂ ಬೇಡ. ಚೋಕ್ ಸ್ವಲ್ಪ ಎಳೆಯಿರಿ, ಕಾಲು ಭಾಗ. ಅದು ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಪಾಲು ಹೆಚ್ಚಿಸುತ್ತದೆ. ಗಾಡಿ ಚೇತರಿಸಿಕೊಂಡರೆ ಅದಕ್ಕೆ ಪೆಟ್ರೋಲ್ ಸಾಲುತ್ತಿಲ್ಲ. ಏನೂ ವ್ಯತ್ಯಾಸ ಆಗದಿದ್ದರೆ ಅಥವಾ ಇನ್ನೂ ಹದಗೆಟ್ಟರೆ ಕರೆಂಟಿನ ಕಡೆ ನೋಡಿ.

ಆಫ್ ಆದ ಮೇಲೆ ಮೊದಲು ಕಾರ್ಬೊರೇಟರ್ ನೋಡಿ. ನಿಮ್ಮ ಗಾಡಿಯ ಕಾರ್ಬೊರೇಟರಿನ ಫ್ಲೋಟ್ ಚೇಂಬರಿಗೆ, ಅಂದರೆ ಪೆಟ್ರೋಲ್ ನಿಲ್ಲುವ ಸಣ್ಣ ತೊಟ್ಟಿಗೆ, ಒಂದು ಸಣ್ಣ ಗಾಜಿನ ಕಿಟಕಿ ಇದೆ. ಮಧ್ಯದಲ್ಲಿ ಒಂದು ದುಂಡು ಗುರುತು. ಗಾಜು ಕೊಳೆಯಾಗಿರುತ್ತದೆ, ಈಗಲೇ ಮನೆಯಲ್ಲಿ ಒರೆಸಿ ಇಡಿ. ಟಾರ್ಚ್ ಬಿಟ್ಟರೆ ಪೆಟ್ರೋಲಿನ ಗೆರೆ ಕಾಣುತ್ತದೆ. ಗೆರೆ ಆ ಗುರುತಿನ ಆಸುಪಾಸಿನಲ್ಲಿದ್ದರೆ ಪೆಟ್ರೋಲ್ ಕಾರ್ಬೊರೇಟರ್ ತನಕ ಬಂದಿದೆ. ಟ್ಯಾಂಕು, ಪೈಪು, ಪಂಪು, ಏರ್ ಲಾಕ್ ಎಲ್ಲ ಒಂದೇ ನೋಟಕ್ಕೆ ಪಟ್ಟಿಯಿಂದ ಹೊರಗೆ. ಎಷ್ಟು ಜನ ಮೆಕ್ಯಾನಿಕ್‌ಗಳು ಆ ಗಾಜನ್ನು ನೋಡದೇ ಪಂಪು ಬದಲಿಸುತ್ತಾರೋ! ನಂಬಿಕೆ ಬರದಿದ್ದರೆ ಏರ್ ಕ್ಲೀನರ್ ಮುಚ್ಚಳ ತೆಗೆದು, ಮೇಲಿನಿಂದ ನೋಡುತ್ತಾ ಆಕ್ಸಿಲರೇಟರ್ ಲಿವರನ್ನು ಕೈಯಲ್ಲಿ ಒಮ್ಮೆ ತಿರುಗಿಸಿ. ಸಣ್ಣ ಪಿಚಕಾರಿ ಹಾರಬೇಕು. ಇದನ್ನು ನೋಡುವಾಗ ಎಂಜಿನ್ ಆಫ್ ಇರಲಿ, ಯಾರೂ ಸೆಲ್ಫ್ ಹೊಡೆಯಬಾರದು. ಬ್ಯಾಕ್‌ಫೈರ್ ಆದರೆ ಹುಬ್ಬು ಸುಟ್ಟುಹೋಗುತ್ತದೆ.

ಗಾಜು ಖಾಲಿ ಇದ್ದರೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಚ್ಚಿ, ಕಿವಿ ಕೊಟ್ಟು ಕೇಳಿ. ಹುಸ್ ಎಂದು ಗಾಳಿ ಒಳಕ್ಕೆ ಎಳೆದುಕೊಂಡರೆ ಟ್ಯಾಂಕಿಗೆ ಉಸಿರಾಡಲು ದಾರಿ ಇಲ್ಲ. ಪಂಪು ಎಳೆದೂ ಎಳೆದೂ ಸೋತಿದೆ. ಮುಚ್ಚಳ ಬಿಗಿ ಮಾಡದೇ ಸೆಲ್ಫ್ ಹೊಡೆದು ನೋಡಿ. ಮುಚ್ಚಳ ಬದಲಿಸಿದರೆ ಮುಗಿಯುವ ಕೆಲಸ ಅದು. ಸದ್ದು ಬರದಿದ್ದರೆ ಆಗ ಒದ್ದೆ ಬಟ್ಟೆ ಪಂಪಿನ ಮೇಲೆ ಮಾತ್ರ ಹಾಕಿ. ಕಾಯಿಲ್ ಮುಟ್ಟಬೇಡಿ. ಹಿಡಿದುಕೊಂಡರೆ ಕಡಲತೀರ ಅವರು ಹೇಳಿದ್ದೇ ಸರಿ.

ಗಾಜು ತುಂಬಿದ್ದರೆ ಕರೆಂಟ್ ನೋಡಿ. ಒಂದು ಪ್ಲಗ್ ವೈರ್ ಕಿತ್ತು ನಿಮ್ಮ ಹಳೇ ಪ್ಲಗ್ಗಿಗೆ ಸಿಕ್ಕಿಸಿ. ಪ್ಲಗ್ಗಿನ ಲೋಹದ ಮೈಗೆ ಕ್ಲಿಪ್ ವೈರ್ ಹಾಕಿ ಇನ್ನೊಂದು ತುದಿಯನ್ನು ಎಂಜಿನ್ನಿನ ಯಾವುದಾದರೂ ಬೋಲ್ಟಿಗೆ ಹಾಕಿ. ಕಾರ್ಬೊರೇಟರಿನಿಂದ ದೂರ ಇರಲಿ. ಕೈಯಲ್ಲಿ ಹಿಡಿಯಬೇಡಿ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ನೀಲಿ ಕಿಡಿ ಚಟ್ ಚಟ್ ಎಂದು ಹಾರಿದರೆ ಸರಿ. ಕೆಂಪು ಹಳದಿ ಬಣ್ಣದಲ್ಲಿ ಸೊರಗಿದ್ದರೆ ಅಥವಾ ಇಲ್ಲದೇ ಇದ್ದರೆ ನಿಮ್ಮ ರೋಗ ಇಗ್ನಿಷನ್ನಿನಲ್ಲಿ.

ಅಲ್ಲಿಂದ ಮುಂದೆ ಬಲ್ಬು. ಒಂದು ವೈರ್ ಕಾಯಿಲ್‌ನ ಮೈನಸ್‌ಗೆ, ಅಂದರೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಕಡೆ ಹೋಗುವ ಸಣ್ಣ ವೈರಿನ ತುದಿಗೆ. ಇನ್ನೊಂದು ಬಾಡಿಗೆ. ಸೆಲ್ಫ್ ಹೊಡೆದಾಗ ಬಲ್ಬು ಮಿಣಮಿಣ ಎಂದರೆ ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ಕಾಯಿಲ್‌ನ ಕರೆಂಟನ್ನು ಕಡಿದು ಕೂಡಿಸುವ ಸ್ವಿಚ್) ತೆರೆದು ಮುಚ್ಚುತ್ತಿದೆ. ಆದರೂ ಕಿಡಿ ಇಲ್ಲವೆಂದರೆ ಕಾಯಿಲ್, ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್, ಡಿಸ್ಟ್ರಿಬ್ಯೂಟರ್ ಒಳಗೆ ತಿರುಗುವ ರೋಟರ್ ಈ ಮೂರರಲ್ಲಿ ಒಂದು. ಬಲ್ಬು ಒಂದೇ ಸಮ ಉರಿದರೆ ಪಾಯಿಂಟ್ ಮುಚ್ಚುತ್ತಿಲ್ಲ ಅಥವಾ ಸುಟ್ಟಿದೆ. ಉರಿಯಲೇ ಇಲ್ಲವೆಂದರೆ ಕಾಯಿಲ್‌ಗೆ ಕರೆಂಟೇ ಬರುತ್ತಿಲ್ಲ, ಇಲ್ಲವೇ ಆ ಸಣ್ಣ ವೈರ್ ಎಲ್ಲೋ ಬಾಡಿಗೆ ತಾಗುತ್ತಿದೆ. ಡಿಸ್ಟ್ರಿಬ್ಯೂಟರ್ ಒಳಗೆ ಪಾಯಿಂಟಿಗೆ ಹೋಗುವ ಆ ತೆಳು ವೈರನ್ನು ಮರೆಯಬೇಡಿ. ಕಿಡಿಯ ಸಮಯ ಹಿಂದೆ ಮುಂದೆ ಮಾಡುವ ವ್ಯಾಕ್ಯೂಮ್ ಅಡ್ವಾನ್ಸ್ ಪ್ಲೇಟ್ ಆಡಿದಾಗಲೆಲ್ಲ ಅದೂ ಆಡುತ್ತದೆ. ವರ್ಷಗಟ್ಟಲೆ ಆಡಿ ಆಡಿ ಹೊರಗಿನ ರಬ್ಬರ್ ಚೆನ್ನಾಗಿದ್ದು ಒಳಗಿನ ತಂತಿ ಮುರಿದಿರುತ್ತದೆ. ಎಳೆದು ನೋಡಿದರೆ ರಬ್ಬರ್ ಹಿಗ್ಗುತ್ತದೆ.

1992ರ ಗಾಡಿ ಎಂದಿರಿ, ಪಾಯಿಂಟ್ ಇರುವುದೇ ಇರಬೇಕು. ಆದರೆ ನಡುವೆ ಯಾರಾದರೂ ಎಲೆಕ್ಟ್ರಾನಿಕ್ ಹಾಕಿಸಿರಬಹುದು. ಕ್ಯಾಪ್ ತೆಗೆದು ನೋಡಿ ಹೇಳಿ. ಪಾಯಿಂಟ್ ಇದ್ದರೆ ಗ್ಯಾಪ್ 0.4ರಿಂದ 0.5 ಎಂಎಂ ಇರಬೇಕು.

ಒಂದು ಮಾತು. ನಿಂತುಹೋಗುವ ರೀತಿಯಿಂದಲೂ ಅಂದಾಜು ಮಾಡುತ್ತಾರೆ. ಕೀ ತಿರುಗಿಸಿ ಆಫ್ ಮಾಡಿದ ಹಾಗೆ ಟಕ್ ಎಂದು ನಿಂತರೆ ಕರೆಂಟ್, ಕೆಮ್ಮಿ ಕೆಮ್ಮಿ ನಿಂತರೆ ಪೆಟ್ರೋಲ್. ಬಹುಪಾಲು ನಿಜ. ಆದರೆ ಬಿಸಿಯಾದ ಕಾಯಿಲ್ ಕೂಡ ಸಾಯುವ ಮೊದಲು ಕೆಮ್ಮುತ್ತದೆ. ನಿಮ್ಮ ಗ್ಯಾರೇಜಿನವರು ಜರ್ಕ್ ಎನ್ನುವ ಪದ ಕೇಳಿಯೇ ಪೆಟ್ರೋಲ್ ದಾರಿ ಹಿಡಿದರು ಎಂದು ನನ್ನ ಗುಮಾನಿ. ಹೊಸ ಕಾರ್ಬೊರೇಟರ್ ಸದ್ಯ ಬೇಡವೇ ಬೇಡ.

ಕಡಲತೀರ ಬರೆದದ್ದು:

ಒಪ್ಪಿದೆ. ಆದರೂ ನನ್ನ ಬಾಜಿ ಏರ್ ಲಾಕ್ ಮೇಲೆಯೇ.

ಅಡಿಕೆಹಾಳೆ ಬರೆದದ್ದು:

ನಿನ್ನೆ ಉಡುಪಿಗೆ ಹೋಗಿದ್ದೆ. ತಮ್ಮನನ್ನು ಜೊತೆಗೆ ಕರೆದುಕೊಂಡು ಹೋದೆ, ಸೆಲ್ಫ್ ಹೊಡೆಯಲು ಜನ ಬೇಕಲ್ಲ. ಬೇಕೆಂದೇ ಮಧ್ಯಾಹ್ನದ ಬಿಸಿಲಿಗೆ ವಾಪಸ್ ಹೊರಟೆವು. ಗಾಡಿ ಕೆಡಲಿ ಎಂದು ಕಾಯುತ್ತಾ ಘಟ್ಟ ಹತ್ತಿದ್ದು ಇದೇ ಮೊದಲು. ಅದು ನಿರಾಸೆ ಮಾಡಲಿಲ್ಲ.

ಜರ್ಕ್ ಶುರುವಾದಾಗ ಚೋಕ್ ಎಳೆದೆ. ಏನೂ ಬದಲಾಗಲಿಲ್ಲ. ಅಗಲದ ಜಾಗಕ್ಕೆ ಹಾಕುವಷ್ಟರಲ್ಲಿ ಆಫ್. ಗಾಜು ಮೊದಲೇ ಒರೆಸಿಟ್ಟಿದ್ದೆ. ಪೆಟ್ರೋಲ್ ಗೆರೆ ಸರಿಯಾಗಿ ಗುರುತಿನ ಮೇಲೆಯೇ ಇತ್ತು. ಪಿಚಕಾರಿಯೂ ಹಾರಿತು. ಕಡಲತೀರ ಅವರೇ, ಬಾಜಿ ಸೋತಿರಿ.

ಹಳೇ ಪ್ಲಗ್ ಕಟ್ಟಿ ತಮ್ಮ ಸೆಲ್ಫ್ ಹೊಡೆದ. ಕಿಡಿ ಇಲ್ಲ. ಬಗ್ಗಿ ನೆರಳು ಮಾಡಿ ನೋಡಿದರೆ ಆಗೊಂದು ಈಗೊಂದು ಹಳದಿ ಮಿಣುಕು. ಬಲ್ಬು ಮಾತ್ರ ಮಿಣಮಿಣ ಎನ್ನುತ್ತಿತ್ತು. ಕ್ಯಾಪ್ ತೆಗೆದೆ, ಪಾಯಿಂಟ್ ಇರುವ ಗಾಡಿಯೇ. ಪಾಯಿಂಟಿನ ಮುಖ ಕಪ್ಪಾಗಿ ನೀಲಿ ತಿರುಗಿದೆ, ಒಂದು ಕಡೆ ಸಣ್ಣ ಗುಡ್ಡ ಎದ್ದಿದೆ. ಒಳಗಿನ ವೈರ್ ಎಳೆದು ನೋಡಿದೆ, ಗಟ್ಟಿ ಇದೆ.

ಕಾಯಿಲ್ ಮುಟ್ಟಲು ಹೋದೆ, ಬೆರಳು ಇಡಲು ಆಗಲಿಲ್ಲ. ಕುದಿಯುವ ಪಾತ್ರೆ ಮುಟ್ಟಿದಷ್ಟು ಬಿಸಿ. ಆಮೇಲೆ ಒದ್ದೆ ಬಟ್ಟೆಯನ್ನು ಕಾಯಿಲ್‌ಗೆ ಮಾತ್ರ ಸುತ್ತಿದೆ. ಸ್ವಲ್ಪ ಹೊತ್ತಿಗೆ ನೀಲಿ ಕಿಡಿ ಬಂತು, ಗಾಡಿ ಹಿಡಿಯಿತು. ಬಟ್ಟೆ ಸುತ್ತಿಕೊಂಡೇ ಆಗುಂಬೆ ಮುಟ್ಟಿದೆವು.

ಮನೆಗೆ ಬಂದು ಕಾಯಿಲ್ ನೋಡಿದರೆ ಅದು ಬೇರೆಲ್ಲ ಸಾಮಾನಿಗಿಂತ ಹೊಸದಾಗಿದೆ. ಹಿಂದಿನವರು ಯಾರೋ ಹಾಕಿಸಿದ್ದು. ಮೇಲೆ ಚೀಟಿ ಹರಿದಿದೆ. ಹೊಸ ಕಾಯಿಲ್ ಇಷ್ಟು ಬೇಗ ಹೋಗುತ್ತದೆಯೇ? ಇನ್ನೊಂದು ಅಂಥದ್ದೇ ತಂದು ಹಾಕಿದರೆ ಸಾಕಾ?

ಓಮ್_ಮೀಟರ್ ಬರೆದದ್ದು:

ಅಂಥದ್ದೇ ತರಬೇಡಿ! ಮೊದಲು ಅಳತೆ ಮಾಡಿ. ನಾನು ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಕೆಲಸದವನು, ಹಳೇ ಗಾಡಿ ಹುಚ್ಚು.

ಹಳೇ ಪಾಯಿಂಟ್ ಗಾಡಿಗಳ 12 ವೋಲ್ಟ್ ಕಾಯಿಲ್‌ಗಳಲ್ಲಿ ಎರಡು ಜಾತಿ. ಒಂದು ನೇರವಾಗಿ 12 ವೋಲ್ಟಿಗೆ ಹಾಕುವುದು. ಪ್ಲಸ್, ಮೈನಸ್ ನಡುವೆ ಅಳೆದರೆ ಸುಮಾರು 3 ಓಮ್ ಬರುತ್ತದೆ. ಇನ್ನೊಂದು, ಕರೆಂಟ್ ಕಡಿಮೆ ಮಾಡುವ ಬ್ಯಾಲಸ್ಟ್ ರೆಸಿಸ್ಟರ್ ಜೊತೆಗೆ ಹಾಕಬೇಕಾದದ್ದು. ಅದರದ್ದು ಸುಮಾರು ಒಂದೂವರೆ ಓಮ್. ಉಳಿದ ಒಂದೂವರೆ ಹೊರಗಿನ ರೆಸಿಸ್ಟರಿನಲ್ಲಿ ಇರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರದ ಡಬ್ಬಿ. ಅಂಗಡಿಯವರು "ಎಲ್ಲದಕ್ಕೂ ಆಗುತ್ತೆ" ಎಂದು ಕೊಟ್ಟುಬಿಡುತ್ತಾರೆ.

ಎರಡನೇ ಜಾತಿಯದನ್ನು ರೆಸಿಸ್ಟರ್ ಇಲ್ಲದೇ ನೇರ ಹಾಕಿದರೆ ಗಾಡಿ ಸ್ಟಾರ್ಟ್ ಆಗುತ್ತದೆ, ಚೆನ್ನಾಗಿಯೂ ಓಡುತ್ತದೆ. ಕಿಡಿ ಇನ್ನೂ ಜೋರಾಗಿಯೇ ಇರುತ್ತದೆ. ಆದರೆ ಪಾಯಿಂಟ್ ಮುಚ್ಚಿದಾಗ 4 ಆಂಪಿಯರ್ ಹೋಗಬೇಕಾದ ಕಡೆ 8 ಆಂಪಿಯರ್ ಹೋಗುತ್ತದೆ. ಕಾಯಿಲ್ ಕಾಯುತ್ತದೆ, ಪಾಯಿಂಟ್ ಸುಡುತ್ತದೆ. ನಿಮ್ಮ ಪಾಯಿಂಟಿನ ನೀಲಿ ಬಣ್ಣ ಕೇಳಿ ನನಗೆ ಅದೇ ಹೊಳೆಯಿತು. ಕಾದ ಕಾಯಿಲ್‌ನ ಒಳಗೆ ಸುತ್ತುಗಳ ನಡುವಿನ ಇನ್ಸುಲೇಷನ್ ಸೋಲುತ್ತದೆ. ತಣ್ಣಗಾದರೆ ಮತ್ತೆ ಸರಿ. ಘಟ್ಟದಲ್ಲೇ ಯಾಕೆ ಅಂದರೆ, ಎಂಜಿನ್ ಬಿಸಿ ಜಾಸ್ತಿ, ಗಾಡಿಯ ವೇಗ ಕಡಿಮೆ, ಬಾನೆಟ್ ಒಳಗೆ ಗಾಳಿ ಆಡುವುದಿಲ್ಲ. ಜೊತೆಗೆ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸಿಲಿಂಡರಿನ ಒತ್ತಡ ಜಾಸ್ತಿ. ಆ ಒತ್ತಡದಲ್ಲಿ ಕಿಡಿ ಹಾರಿಸಲು ವೋಲ್ಟೇಜೂ ಜಾಸ್ತಿ ಬೇಕು. ಸಪಾಟು ರಸ್ತೆಯಲ್ಲಿ ಸಾಕಾಗುವ ಸೊರಗಿದ ಕಿಡಿ ಏರಿನಲ್ಲಿ ಸಾಕಾಗುವುದಿಲ್ಲ.

ಎರಡು ಅಳತೆ ಮಾಡಿ. ಕಾಯಿಲ್‌ನ ವೈರುಗಳನ್ನು ಬಿಚ್ಚಿ ಪ್ಲಸ್ ಮೈನಸ್ ನಡುವೆ ಓಮ್. ಆಮೇಲೆ ವೈರ್ ಮತ್ತೆ ಹಾಕಿ, ಪಾಯಿಂಟ್ ಮುಚ್ಚಿರುವಾಗ ಕೀ ಆನ್ ಮಾಡಿ ಕಾಯಿಲ್‌ನ ಪ್ಲಸ್‌ನಲ್ಲಿ ವೋಲ್ಟ್. ಸುಮಾರು 12 ಬಂದರೆ ನಡುವೆ ರೆಸಿಸ್ಟರ್ ಇಲ್ಲ. 6, 7ರ ಹತ್ತಿರ ಬಂದರೆ ಇದೆ. ಬೇಗ ಅಳೆದು ಕೀ ಆಫ್ ಮಾಡಿ. ಎಂಜಿನ್ ಓಡದೇ ಕೀ ಆನ್ ಬಿಟ್ಟರೆ ಒಳ್ಳೆಯ ಕಾಯಿಲ್ ಕೂಡ ಕಾಯುತ್ತದೆ. ಗಾಡಿ ನಿಲ್ಲಿಸಿ ಕೀ ಆನ್ ಇಟ್ಟುಕೊಂಡು ಹಾಡು ಕೇಳುವವರು ಇದನ್ನು ನೆನಪಿಡಿ.

ಹತ್ತುಹನ್ನೊಂದು_ಪಾನಾ ಬರೆದದ್ದು:

ಸರಿಯಾಗಿ ಹೇಳಿದಿರಿ. ನಾವು ಗ್ಯಾರೇಜಿನಲ್ಲಿ ಓಮ್ ಎಲ್ಲ ನೋಡುತ್ತಿರಲಿಲ್ಲ. ಗೊತ್ತಿರುವ ಒಳ್ಳೇ ಕಾಯಿಲ್ ಒಂದನ್ನು ವೈರ್ ಸಮೇತ ಮೊಳೆಗೆ ನೇತುಹಾಕಿಟ್ಟುಕೊಂಡು, ಡೌಟ್ ಇದ್ದ ಗಾಡಿಗೆ ಕಟ್ಟಿ ಓಡಿಸಿ ನೋಡುತ್ತಿದ್ದೆವು. ಅಕ್ಕ, ಕಾಯಿಲ್ ಜೊತೆಗೆ ಪಾಯಿಂಟ್, ಕಂಡೆನ್ಸರ್ ಎರಡೂ ಬದಲಿಸಿ. ಅಷ್ಟು ಸುಟ್ಟ ಪಾಯಿಂಟನ್ನು ಉಜ್ಜಿ ಹಾಕಬೇಡಿ. ಹೊಸ ಪಾಯಿಂಟಿನ ನೈಲಾನ್ ಕಾಲು ಕ್ಯಾಮ್ ಮೇಲೆ ಉಜ್ಜುವ ಕಡೆ ಚೂರೇ ಚೂರು ಗ್ರೀಸ್. ಜಾಸ್ತಿ ಹಾಕಿದರೆ ಹಾರಿ ಪಾಯಿಂಟಿನ ಮುಖಕ್ಕೆ ಬೀಳುತ್ತದೆ. ಗ್ಯಾಪ್ ಇಟ್ಟಾದ ಮೇಲೆ ಟೈಮಿಂಗ್ ಲೈಟ್ ಇರುವವರ ಹತ್ತಿರ ಟೈಮಿಂಗ್, ಅಂದರೆ ಕಿಡಿ ಹಾರುವ ಕ್ಷಣ, ಹೊಂದಿಸಿಕೊಳ್ಳಿ. ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಪ್ಲಗ್ ವೈರ್ ಕಿತ್ತಿದ್ದರೆ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಲ್ಲಿ ಕಿಡಿ ಹಾರುವ ಸರದಿ, 1, 3, 2. ಅದಲು ಬದಲು ಮಾಡಿಕೊಂಡು ಕಾರ್ಬೊರೇಟರಿಗೆ ಬೈಯಬೇಡಿ.

ಇನ್ನೊಂದು. ಆಗುಂಬೆ ಮಳೆ ಬರುವ ಮುಂಚೆ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಗೆ ಕೂದಲೆಳೆಯಂಥ ಕಪ್ಪು ಗೆರೆ ಇದೆಯಾ ನೋಡಿ. ಕಿಡಿ ಆ ದಾರಿಯಲ್ಲಿ ಸೋರುತ್ತದೆ. ರಾತ್ರಿ ಲೈಟ್ ಆರಿಸಿ, ಬಾನೆಟ್ ಎತ್ತಿ, ಎಂಜಿನ್ ಓಡಿಸಿ ನೋಡಿದರೆ ವೈರುಗಳ ಮೇಲೆ ನೀಲಿ ಮಿಂಚು ಓಡಾಡುವುದು ಕಣ್ಣಿಗೇ ಕಾಣುತ್ತದೆ.

ಅಡಿಕೆಹಾಳೆ ಬರೆದದ್ದು:

ಅಳೆದೆ. 1.6 ಓಮ್. ಕೀ ಆನ್ ಮಾಡಿದರೆ ಪ್ಲಸ್‌ನಲ್ಲಿ 11.9 ವೋಲ್ಟ್. ಅಂದರೆ ರೆಸಿಸ್ಟರ್ ಬೇಕಾದ ಕಾಯಿಲ್ ರೆಸಿಸ್ಟರ್ ಇಲ್ಲದೇ ಓಡುತ್ತಿತ್ತು. ಶಿವಮೊಗ್ಗದಿಂದ ಬೇರೆ ಕಾಯಿಲ್ ತರಿಸಿದೆ. ಅಂಗಡಿ ಕೌಂಟರಿನಲ್ಲೇ ಮೀಟರ್ ಇಟ್ಟು ಅಳೆದು 3.1 ಬಂದದ್ದನ್ನೇ ಕೊಂಡೆ. ಅಂಗಡಿ ಹುಡುಗ ನನ್ನನ್ನೇ ನೋಡುತ್ತಿದ್ದ. ಪಾಯಿಂಟ್, ಕಂಡೆನ್ಸರ್ ಹೊಸದು. ಟೈಮಿಂಗ್ ಕೂಡ ಮಾಡಿಸಿದೆ.

ಘಟ್ಟದಲ್ಲಿ ಈಗ ನಿಲ್ಲುತ್ತಿಲ್ಲ. ಹಾಳೆ ಮೂಟೆ ತುಂಬಿಕೊಂಡೇ ಹತ್ತಿ ಬಂದೆ. ಇಳಿದು ಕಾಯಿಲ್ ಮುಟ್ಟಿ ನೋಡಿದೆ, ಬಿಸಿ ಇದೆ, ಆದರೆ ಕೈ ಇಡಬಹುದು.

ಆದರೆ ಇನ್ನೊಂದು ಸಣ್ಣ ತಕರಾರು ಉಳಿದಿದೆ. ಹೆಬ್ರಿ ಕಡೆಯ ನೇರ ರಸ್ತೆಯಲ್ಲಿ 60ರ ಮೇಲೆ ಹೋದರೆ ಸ್ವಲ್ಪ ಹೊತ್ತಿಗೆ ಎಳೆತ ಕಡಿಮೆಯಾಗಿ ಗಾಡಿ ಹಿಂದಕ್ಕೆ ಜಗ್ಗಿದ ಹಾಗೆ ಆಗುತ್ತದೆ. ನಿಲ್ಲುವುದಿಲ್ಲ. ಕಾಲು ತೆಗೆದು ನಿಧಾನ ಮಾಡಿದರೆ ಸರಿ ಹೋಗುತ್ತದೆ. ಇಲ್ಲಿ ಚೋಕ್ ಸ್ವಲ್ಪ ಎಳೆದರೆ ಚೇತರಿಸಿಕೊಳ್ಳುತ್ತದೆ! ಮೊದಲೂ ಇದು ಇತ್ತೇನೋ, ಘಟ್ಟದ ಗಲಾಟೆಯಲ್ಲಿ ಗಮನಕ್ಕೆ ಬಂದಿರಲಿಲ್ಲ. ಫಿಲ್ಟರ್ ಹೊಸದು, ಪಂಪೂ ಹೊಸದು. ಇನ್ನೇನು?

ಹತ್ತುಹನ್ನೊಂದು_ಪಾನಾ ಬರೆದದ್ದು:

ಇದು ಪೆಟ್ರೋಲ್ ಕಡೆಯ ತೊಂದರೆ, ಚೋಕ್ ಹೇಳಿಬಿಟ್ಟಿದೆ. ಹಳೇ ಗಾಡಿಯಲ್ಲಿ ಎರಡು ರೋಗ ಒಟ್ಟಿಗೆ ಇರುವುದು ಮಾಮೂಲು. ಒಂದನ್ನು ಸರಿ ಮಾಡಿ ಇನ್ನೊಂದು ಉಳಿದಾಗ ಜನ ಮೊದಲ ರಿಪೇರಿಯೇ ತಪ್ಪು ಎಂದುಕೊಂಡು ಅದನ್ನೂ ಕೆಡಿಸಿಕೊಳ್ಳುತ್ತಾರೆ.

ಪೆಟ್ರೋಲ್ ಫಿಲ್ಟರ್ ಪಾರದರ್ಶಕ ಪ್ಲಾಸ್ಟಿಕ್ಕಿನದು ಅಲ್ವಾ? ಎಂಜಿನ್ ಓಡುವಾಗ, ತಮ್ಮ ಆಕ್ಸಿಲರೇಟರ್ ಒತ್ತುವಾಗ ಅದನ್ನು ನೋಡಿ. ಹಾಕಿದ ಕೆಲವೇ ವಾರದಲ್ಲಿ ಕಂದು ಬಣ್ಣಕ್ಕೆ ತಿರುಗಿದ್ದರೆ ಟ್ಯಾಂಕಿನಲ್ಲಿ ತುಕ್ಕು. ಒಂದೇ ಸಮ ಗುಳ್ಳೆ ಬರುತ್ತಿದ್ದರೆ ಎಲ್ಲೋ ಗಾಳಿ ಎಳೆದುಕೊಳ್ಳುತ್ತಿದೆ. ಟ್ಯಾಂಕಿನಿಂದ ಪಂಪಿನ ತನಕ ಇರುವುದು ಎಳೆಯುವ ದಾರಿ. ಅಲ್ಲಿ ರಬ್ಬರ್ ಬಿರುಕು ಬಿಟ್ಟರೆ ಪೆಟ್ರೋಲ್ ಹೊರಗೆ ತೊಟ್ಟಿಕ್ಕಲೇಬೇಕೆಂದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ಎಲ್ಲರ ಕಣ್ಣು ತಪ್ಪುತ್ತದೆ. ನಿಧಾನ ಹೋಗುವಾಗ ಬರುವ ಪೆಟ್ರೋಲ್ ಸಾಲುತ್ತದೆ, ವೇಗ ಹೆಚ್ಚಿದರೆ ಸಾಲುವುದಿಲ್ಲ. ಪೈಪಿನ ಬಹುಪಾಲು ಕಬ್ಬಿಣದ್ದು. ಟ್ಯಾಂಕಿನ ಹತ್ತಿರ, ಎಂಜಿನ್ ಹತ್ತಿರ ಮಾತ್ರ ರಬ್ಬರ್ ತುಂಡು. ಎಂಜಿನ್ ಹತ್ತಿರದ್ದನ್ನು ಎಲ್ಲರೂ ಬದಲಿಸುತ್ತಾರೆ. ಟ್ಯಾಂಕಿನ ಹತ್ತಿರದ್ದಕ್ಕೆ ಗಾಡಿಯ ಕೆಳಗೆ ಮಲಗಬೇಕು, ಹಾಗಾಗಿ ಕಂಪನಿಯಿಂದ ಬಂದದ್ದೇ ಇನ್ನೂ ಇರುತ್ತದೆ.

ಪಂಪಿನ ಮೇಲೆ ಡೌಟ್ ಇದ್ದರೆ ಕಾರ್ಬೊರೇಟರಿಗೆ ಬರುವ ಪೈಪ್ ಕಿತ್ತು ಬಾಟಲಿಗೆ ಇಳಿಬಿಟ್ಟು, ಕಾಯಿಲ್‌ನ ಸಣ್ಣ ವೈರುಗಳನ್ನು ಬಿಚ್ಚಿ, ಸೆಲ್ಫ್ ಹೊಡೆಸಿ. ಪುಳ್ ಪುಳ್ ಎಂದು ಜೋರಾಗಿ ಬೀಳಬೇಕು. ಹತ್ತಿರ ಬೀಡಿ ಸಿಗರೇಟ್ ಯಾರೂ ಹಚ್ಚಬಾರದು. ಟ್ಯಾಂಕ್ ಇಳಿಸಿ ತೊಳೆಸಬೇಕಾಗಿ ಬಂದರೆ, ತೂತು ಕಂಡರೂ ವೆಲ್ಡಿಂಗ್ ಹಿಡಿಸಲು ಬಿಡಬೇಡಿ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ, ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಅಪಾಯ.

ಓಮ್_ಮೀಟರ್ ಬರೆದದ್ದು:

ರಬ್ಬರ್ ಬದಲಿಸುವಾಗ ಎಥನಾಲ್ ತಡೆಯುವ ಪೈಪ್ ಕೇಳಿ ಪಡೆಯಿರಿ. ಶೇಕಡಾ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಿಡುಗಡೆ ಆದದ್ದು 2023ರ ಫೆಬ್ರವರಿಯಲ್ಲಿ, ಇಲ್ಲೇ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ. ಈಗ ಹೆಚ್ಚುಕಡಿಮೆ ಎಲ್ಲ ಬಂಕಿನಲ್ಲೂ ಅದೇ. 1992ರ ರಬ್ಬರನ್ನು ಅದಕ್ಕಾಗಿ ಮಾಡಿದ್ದಲ್ಲ. ಉಬ್ಬುತ್ತದೆ, ಮೆತ್ತಗಾಗುತ್ತದೆ, ಬಿರುಕು ಬಿಡುತ್ತದೆ.

ಇನ್ನೊಂದು ವಿಷಯವೂ ಇದೆ. ಪೂರ್ತಿ ಉರಿಯಲು 1 ಕೆಜಿ ಪೆಟ್ರೋಲಿಗೆ ಸುಮಾರು 14.7 ಕೆಜಿ ಗಾಳಿ ಬೇಕು, ಎಥನಾಲ್‌ಗೆ 9 ಕೆಜಿ ಸಾಕು. ಇಂಜೆಕ್ಷನ್ ಗಾಡಿಯ ಕಂಪ್ಯೂಟರ್ ಇದನ್ನು ನೋಡಿ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಕಾರ್ಬೊರೇಟರಿನ ಜೆಟ್‌ಗೆ ಅದೆಲ್ಲ ಗೊತ್ತಿಲ್ಲ, ತೂತು ಎಷ್ಟಿದೆಯೋ ಅಷ್ಟೇ. ಹಾಗಾಗಿ ಹಳೇ ಗಾಡಿ ಇ20ರಲ್ಲಿ ಸ್ವಲ್ಪ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ) ಓಡುತ್ತದೆ. ಇದೊಂದರಿಂದಲೇ ಜಗ್ಗುತ್ತದೆ ಎಂದು ಹೇಳುತ್ತಿಲ್ಲ. ಪೈಪಿನಲ್ಲಿ ಗಾಳಿಯೂ ಸೇರಿದರೆ ಬೇಗ ಎದ್ದು ಕಾಣುತ್ತದೆ, ಅಷ್ಟೇ. ಪೈಪ್ ಸರಿ ಮಾಡಿದ ಮೇಲೆ ಪ್ಲಗ್ ಬಿಚ್ಚಿ ನೋಡಿ. ತಿಳಿ ಕಂದು ಬಣ್ಣ ಇದ್ದರೆ ಸರಿ. ಸುಣ್ಣದಂತೆ ಬಿಳಿ ಇದ್ದರೆ ಮೇನ್ ಜೆಟ್ ಒಂದು ನಂಬರ್ ದೊಡ್ಡದು ಹಾಕಿಸುವ ಬಗ್ಗೆ ಯೋಚಿಸಿ.

ಮಳೆಗಾಲದಲ್ಲಿ ಅರ್ಧ ಟ್ಯಾಂಕಿನಲ್ಲಿ ವಾರಗಟ್ಟಲೆ ನಿಲ್ಲಿಸಬೇಡಿ. ಎಥನಾಲ್ ನೀರನ್ನು ಹೀರುತ್ತದೆ. ಮಿತಿ ಮೀರಿದರೆ ಎರಡೂ ಸೇರಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಪೈಪ್ ಎಳೆಯುವುದು ತಳದಿಂದಲೇ. ಡೌಟ್ ಬಂದರೆ ಗಾಜಿನ ಬಾಟಲಿಯಲ್ಲಿ ಸ್ವಲ್ಪ ಹಿಡಿದು ಸುಮ್ನೆ ಇಟ್ಟು ನೋಡಿ, ಕೆಳಗೆ ಬೇರೆ ಪದರ ಕಾಣುತ್ತದೆ.

ಅಡಿಕೆಹಾಳೆ ಬರೆದದ್ದು:

ಫಿಲ್ಟರ್ ಕಂದು ಆಗಿಲ್ಲ. ಗುಳ್ಳೆ ಮಾತ್ರ ಸಾಲು ಸಾಲು ಬರುತ್ತಿತ್ತು. ಭಾನುವಾರ ಗಾಡಿಯನ್ನು ಗಟ್ಟಿ ಮರದ ದಿಮ್ಮಿ ಮೇಲೆ ನಿಲ್ಲಿಸಿ ಕೆಳಗೆ ಮಲಗಿದೆ. ಟ್ಯಾಂಕಿನ ಬಾಯಿಯ ಹತ್ತಿರದ ರಬ್ಬರ್ ಮೇಲ್ಭಾಗದಲ್ಲಿ ಅಡ್ಡಡ್ಡ ಬಿರಿದಿತ್ತು. ಬಗ್ಗಿಸಿದರೆ ಬಾಯಿ ತೆರೆಯುತ್ತಿತ್ತು. ಮಿಕ್ಕ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಹೋಗುವ ಸಣ್ಣ ಪೈಪಿನ ರಬ್ಬರೂ ಹಾಗೇ. ಎರಡೂ ಬದಲಿಸಿ ಹೊಸ ಕ್ಲಿಪ್ ಹಾಕಿದೆ. ಈಗ ಗುಳ್ಳೆ ಇಲ್ಲ. ಹೆಬ್ರಿ ರಸ್ತೆಯಲ್ಲಿ 70ರಲ್ಲೂ ಜಗ್ಗಲಿಲ್ಲ. ಪ್ಲಗ್ ತಿಳಿ ಕಂದು, ಒಂದು ಮಾತ್ರ ಸ್ವಲ್ಪ ಬಿಳಿ. ಜೆಟ್ ಸದ್ಯಕ್ಕೆ ಮುಟ್ಟುವುದಿಲ್ಲ.

ಗ್ಯಾರೇಜಿನವರು ತೆಗೆದ ಹಳೇ ಪೆಟ್ರೋಲ್ ಪಂಪ್ ನನ್ನ ಹತ್ತಿರವೇ ಇದೆ. ಅದು ಚೆನ್ನಾಗಿಯೇ ಇತ್ತೆಂದು ಈಗ ಅನ್ನಿಸುತ್ತಿದೆ. ಡಿಕ್ಕಿಯಲ್ಲಿ ಸ್ಪೇರ್ ಆಗಿ ಇಟ್ಟುಕೊಳ್ಳಬಹುದಾ?

ಹತ್ತುಹನ್ನೊಂದು_ಪಾನಾ ಬರೆದದ್ದು:

ಇಟ್ಟುಕೊಳ್ಳಿ. ಮೊದಲು ಕೈಯಲ್ಲಿ ಲಿವರ್ ಒತ್ತಿ, ಒಳಬರುವ ಬಾಯಿಗೆ ಬೆರಳು ಹಿಡಿದು ನೋಡಿ. ಬೆರಳನ್ನು ಎಳೆದು ಹಿಡಿದರೆ ಪಂಪಿನ ಒಳಗಿನ ಪೊರೆ, ಅಂದರೆ ಡಯಾಫ್ರಮ್, ಸರಿ ಇದೆ. ಹೊಸ ಪಂಪನ್ನೂ ಪೂರ್ತಿ ನಂಬಬೇಡಿ. ಆಗಾಗ ಆಯಿಲ್ ಡಿಪ್‌ಸ್ಟಿಕ್ ತೆಗೆದು ಮೂಸಿ. ಪೆಟ್ರೋಲ್ ವಾಸನೆ ಬಂದು ಆಯಿಲ್ ಮಟ್ಟ ಏರಿದ್ದರೆ ಪಂಪಿನ ಡಯಾಫ್ರಮ್ ಹರಿದು ಪೆಟ್ರೋಲ್ ಎಂಜಿನ್ ಒಳಗೆ ಇಳಿಯುತ್ತಿದೆ. ಆಗ ಗಾಡಿ ಓಡಿಸದೆ ಮೊದಲು ಪಂಪು, ಆಯಿಲ್ ಎರಡೂ ಬದಲಿಸಿ.